ಖಾಲಿ ಗೋರಿಯ ಶಿಲುಬೆ

ಲೇ ಸೂಸೈ,

ನನ್ನನ್ನು ಆ ನಿರ್ಜನ ದ್ವೀಪದಲ್ಲಿ ಬಿಟ್ಟು ದೋಣಿ ಸಮೇತ ಓಡಿಬಂದೆ. ರಾಯಪ್ಪನ್ ಮುಳುಗಿಹೋದ ಅಂತ ಊರಿಗೆಲ್ಲ ಹೇಳಿದೆ. ಹೆಣ ಸಿಗದವರಿಗೆ ಮಾಡುವ ಹಾಗೆ ನನ್ನ ಲುಂಗಿಯನ್ನು ಪೆಟ್ಟಿಗೆಯಲ್ಲಿಟ್ಟು ಹೂತರು. ನಾನು ಜೀವಂತ ಬಂದ ದಿನವೇ ನೀನು ಊರು ಬಿಟ್ಟೆ; ಈ ಪತ್ರ ಕಳಿಸೋಕೆ ವಿಳಾಸವೂ ಇಲ್ಲ.

ಇವತ್ತು ನಮ್ಮೂರು ಮಣಪ್ಪಾಡಿನ ಇಗರ್ಜಿ ಅಂಗಳದಲ್ಲಿ ನನ್ನ ಕಥೆಯ ಸಿನಿಮಾ ತೋರಿಸಿದರು. ಅದರಲ್ಲಿ ದೋಣಿ ಹತ್ತುವವನು ನಾನೊಬ್ಬನೇ. ನಿರ್ದೇಶಕರಿಗೆ ನಾನೇ ಹಾಗೆ ಹೇಳಿದ್ದೆ.

ಮುಗಿದ ಮೇಲೆ ನಿನ್ನಮ್ಮ ಕೇಳಿದಳು: “ನನ್ನ ಮಗ ಎಲ್ಲೂ ಬರಲೇ ಇಲ್ಲವಲ್ಲೋ, ರಾಯಪ್ಪಾ?”

“ಯಾವ ಮಗ, ಅಮ್ಮಾ?” ಅಂದೆ.

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಅಲ್ಲಿ ನಿಲ್ಲಲಿಲ್ಲ.

ನೆಟ್ಟಗೆ ಸ್ಮಶಾನಕ್ಕೆ ಹೋಗಿ, ಆ ಗೋರಿಯ ಶಿಲುಬೆ ಮೇಲಿದ್ದ ನನ್ನ ಹೆಸರು ಕೆರೆದು ನಿನ್ನದು ಬರೆದೆ. ಗಂಡಸಾಗಿದ್ದರೆ, ನನ್ನ ಹಾಗೆ ನೀನೂ ಬದುಕಿ ಬಂದು ಅಳಿಸು.