ಮೂರು ದಿನದ ಪಾಸು

ಹದಿನೇಳನೇ ತಾರೀಕು, ಭಾನುವಾರ
ಅಂಗಡಿಯಿಂದ

ಪಿಟೀಲಿನ ಅಮ್ಮನಿಗೆ,

ನಿನ್ನನ್ನು ಏನಂತ ಕರೆದು ಕಾಗದ ಶುರು ಮಾಡಬೇಕೋ ತಿಳಿಯದೆ ಎರಡು ಹಾಳೆ ಹರಿದು ಹಾಕಿದೆ. ಕೊನೆಗೆ ಮಗಳ ಅಡ್ಡಹೆಸರೇ ಕೈಹಿಡಿಯಿತು. ಕೂಸಾಗಿದ್ದಾಗ ರಾಗ ಎಳೆದೆಳೆದು ಅಳುತ್ತಿದ್ದವಳಿಗೆ ಆ ಹೆಸರಿಟ್ಟವಳು ನೀನೇ. ನಾವು ಬೇರೆಯಾಗಿ ಎರಡು ವರ್ಷವಾದರೂ ಇಬ್ಬರೂ ಅದನ್ನು ಬಿಟ್ಟಿಲ್ಲ.

ನಿನ್ನ ನಾಲ್ಕು ಸಾಲಿನ ಪತ್ರ ತಲುಪಿತು. ಮಗುವನ್ನು ಕಟ್ಟಿಕೊಂಡು ಬೀಗ ಒಡೆಯುವವನ ಮನೆಗೆ ಇನ್ನು ಕಳಿಸುವುದಿಲ್ಲ, ಫೋನ್ ಮಾಡಬೇಡ, ಹೇಳುವುದಿದ್ದರೆ ಬರೆದು ತಿಳಿಸು ಎಂದಿದ್ದೀಯ. ಮಗಳು ಮನೆ ಸೇರಿದ ಮೇಲೆ ಠಾಣೆಯವರು ಫೋನಿನಲ್ಲಿ ಹೇಳಿದ್ದನ್ನು ಕೇಳಿ ನಿನ್ನ ಎದೆ ಧಸಕ್ಕೆಂದಿರಬೇಕು. ಸಿಟ್ಟು ನ್ಯಾಯವೇ. ಆದರೆ ವರ್ಷಕ್ಕೆ ಮೂರೇ ದಿನ ನನ್ನ ಪಾಲಿಗೆ ಬರುವ ಮಗಳು ಅವಳು. ಅದೂ ತಪ್ಪಿದರೆ ನನಗೆ ಉಳಿಯುವುದು ಏನೂ ಇಲ್ಲ. ಅದಕ್ಕೇ ನಡೆದದ್ದನ್ನು ಬಿಡಿಸಿ ಬರೆಯುತ್ತಿದ್ದೇನೆ. ಮೊದಲಿಗೆ ಒಂದು ತಿದ್ದುಪಡಿ: ಬೀಗ ಒಡೆಯಲಿಲ್ಲ, ತೆಗೆದೆ. ಬೀಗ ರಿಪೇರಿಯವನಿಗೆ ಅಷ್ಟಾದರೂ ಅಭಿಮಾನ ಇರಲಿ ಬಿಡು.

ಆ ಮೂರು ದಿನಕ್ಕೆಂದೇ ನಗರ ನೋಡುವ ಪಾಸು ಕೊಂಡಿದ್ದೆ. ಒಂದೇ ಕಾರ್ಡು, ಹನ್ನೊಂದು ಜಾಗ. ಮೊದಲ ಬಾಗಿಲಲ್ಲಿ ಕಾರ್ಡು ತೋರಿಸಿದ ದಿನದಿಂದ ಮೂರು ದಿನ, ಅದರ ಮೇಲೆ ಒಂದು ಗಳಿಗೆಯೂ ಇಲ್ಲ. ಪಾಸಿನ ಜೊತೆ ಬಂದ ನಕ್ಷೆಯನ್ನು ಪಿಟೀಲು ನೆಲದ ಮೇಲೆ ಹರವಿ, ಬೋರಲು ಮಲಗಿ, ನೋಡಬೇಕಾದ ಜಾಗಗಳಿಗೆಲ್ಲ ಪೆನ್ಸಿಲಿನಲ್ಲಿ ಸುತ್ತು ಹಾಕಿದಳು. ಯಾವುದು ಯಾವತ್ತು ತೆರೆದಿರುತ್ತದೆ ಎಂದು ವಿಚಾರಿಸಬೇಕೆಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ನೀನಾಗಿದ್ದರೆ ಹಿಂದಿನ ದಿನವೇ ಎಲ್ಲ ಕಡೆ ಫೋನ್ ಮಾಡಿ ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ.

ಮೊದಲ ದಿನ ತೆರೆದಿದ್ದದ್ದು ಅಂಚೆಚೀಟಿಗಳ ಮ್ಯೂಸಿಯಂ ಒಂದೇ. ಕಾರ್ಡು ತೋರಿಸಿ ಒಳಹೊಕ್ಕು ಹತ್ತು ನಿಮಿಷದಲ್ಲಿ ಹೊರಬಂದೆವು. ಅಕ್ವೇರಿಯಂಗೆ ಹೋದರೆ, ತೊಟ್ಟಿ ಸೋರುತ್ತಿದೆ ಎಂಬ ಕಾಗದ ಅಂಟಿಸಿದ್ದರು. ಗೊಂಬೆಗಳ ಮನೆಗೆ ವಾರದ ರಜೆ. ಎರಡನೇ ದಿನ ಅರಮನೆಯಲ್ಲಿ ಯಾರದೋ ಸಮಾರಂಭ, ಸಾರ್ವಜನಿಕರಿಗೆ ಪ್ರವೇಶವಿಲ್ಲ. ಮಾಹಿತಿ ಕೌಂಟರಿನಾಕೆ ನಮ್ಮ ಜೋಲುಮುಖ ನೋಡಿ, "ಮುಚ್ಚಿರೋದರ ಬದಲು ದೋಣಿ ಸವಾರಿ ಹಾಕ್ಕೊಡ್ತೀನಿ. ಇನ್ಮೇಲೆ ಹೊರಡೋಕೆ ಮುಂಚೆ ಒಂದು ಫೋನ್ ಮಾಡಿ ಸಾರ್" ಎಂದಳು. ದಡಕ್ಕೆ ಹೋದರೆ ಗಾಳಿ ಜೋರೆಂದು ದೋಣಿಗಳನ್ನೆಲ್ಲ ಕಟ್ಟಿಹಾಕಿದ್ದರು. "ಇದು ಪಾಸಲ್ಲ ಅಪ್ಪಾ, ಫೇಲು" ಎಂದಳು ಪಿಟೀಲು. ಇಬ್ಬರೂ ನಕ್ಕೆವು. ನಾನು ಸ್ವಲ್ಪ ಹೆಚ್ಚಾಗಿಯೇ ನಕ್ಕೆ.

ಆ ಮಧ್ಯಾಹ್ನ ಬೇರೆ ದಾರಿ ಕಾಣದೆ ಅವಳನ್ನು ಅಂಗಡಿಗೆ ಕರೆತಂದೆ. ಜನ ಬಿಟ್ಟುಹೋದ ಹಳೆಯ ಬೀಗಗಳದ್ದೊಂದು, ಕೀಲಿಗಳದ್ದೊಂದು, ಎರಡು ಡಬ್ಬ ಇವೆಯಲ್ಲ, ಅವನ್ನು ಅವಳ ಮುಂದೆ ಸುರಿದೆ. ಸಂಜೆಯವರೆಗೆ ತಲೆ ಎತ್ತಲಿಲ್ಲ. ಒಂಬತ್ತು ಬೀಗಗಳಿಗೆ ಜೋಡಿ ಹುಡುಕಿದಳು. ಒಂದೊಂದು ತೆರೆದಾಗಲೂ ಬೀದಿಗೆಲ್ಲ ಕೇಳುವ ಹಾಗೆ ಕಿರುಚುತ್ತಿದ್ದಳು. ಎದುರಿನ ಚಪ್ಪಲಿ ಅಂಗಡಿಯವರು ಎದ್ದು ಬಂದು, "ನಿಮಗಿಂತ ನಿಮ್ಮ ಮಗಳೇ ವಾಸಿ ಕಣ್ರೀ" ಎಂದು ಕಾಲೆಳೆದು ಹೋದರು. ಮರುದಿನ ಬೆಳಿಗ್ಗೆ "ಇವತ್ತೂ ಅಂಗಡಿಗೇ ಹೋಗೋಣ" ಎಂದಳು. ನಾನು ಒಪ್ಪಲಿಲ್ಲ. ಒಪ್ಪಬೇಕಿತ್ತು. ಅಪ್ಪ ಏನು ತೋರಿಸಿದ ಎಂದು ನೀನು ಕೇಳಿದರೆ ತುಕ್ಕು ಹಿಡಿದ ಬೀಗ ಎನ್ನುತ್ತಾಳಲ್ಲ ಎಂಬ ನಾಚಿಕೆ ನನಗೆ. ಪಾಸಿಗೂ ಅದೇ ಕೊನೆಯ ದಿನ. ಗಡಿಯಾರದ ಗೋಪುರ ಹತ್ತಿದರೆ ಇಡೀ ಊರು ಕಾಣುತ್ತದೆಂದು ಆಸೆ ತೋರಿಸಿ ಎಳೆದುಕೊಂಡು ಹೊರಟೆ.

ಗೋಪುರದ ಮುಂದೆ ದುರಸ್ತಿಗಾಗಿ ಮುಚ್ಚಲಾಗಿದೆ ಎಂಬ ಹಲಗೆ ನೇತಾಡುತ್ತಿತ್ತು. ಪಿಟೀಲು ಅಳಲಿಲ್ಲ, ಹಟ ಮಾಡಲಿಲ್ಲ. ಹಲಗೆ ಓದಿ, "ನಂಗೊತ್ತಿತ್ತು" ಎಂದಳು. ನೀನು ಅನ್ನುತ್ತಿದ್ದ ಹಾಗೆಯೇ. ಅವಳ ಶಾಲೆಯ ನಾಟಕ ಮುಗಿದ ಮೇಲೆ ನಾನು ಏದುಸಿರು ಬಿಡುತ್ತ ಬಂದಾಗ ನೀನು ಹೇಳಿದ್ದು ಅದೊಂದೇ ಮಾತು. ನಮ್ಮ ಕೊನೆಯ ವರ್ಷವೆಲ್ಲ ನೀನು ಜಗಳವನ್ನೂ ಬಿಟ್ಟು ಅದೊಂದನ್ನೇ ಹೇಳುತ್ತಿದ್ದೆ. ಒಂಬತ್ತು ವರ್ಷಕ್ಕೇ ನನ್ನ ಮಗಳು ನನ್ನಿಂದ ಏನನ್ನೂ ನಿರೀಕ್ಷಿಸದ ಹಾಗಾಗಿದ್ದಳು.

ಅವಳ ಕೈಹಿಡಿದು ಹಿಂಬದಿಗೆ ಹೋದೆ. ಸಣ್ಣ ಬಾಗಿಲು, ಸಾಧಾರಣ ಬೀಗ. ಯಜಮಾನ ಎದುರಿಗೆ ನಿಲ್ಲದೆ ಬೀಗ ಮುಟ್ಟಬಾರದೆಂದು ನನಗೆ ಕೆಲಸ ಕಲಿಸಿದವರ ಕಟ್ಟಪ್ಪಣೆ. ಅದನ್ನು ನಾನು ಹೇಗೆ ಪಾಲಿಸಿದವನೆಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಿನ್ನ ತಂಗಿಯ ಮದುವೆಯ ದಿನ ಮಾವ ಕಪಾಟಿನ ಕೀಲಿ ಜೇಬಿನಲ್ಲಿಟ್ಟುಕೊಂಡು ಮೊದಲೇ ಹೊರಟುಹೋಗಿದ್ದರು. ಅವರಿಲ್ಲದೆ ಕಪಾಟು ತೆಗೆಯುವುದಿಲ್ಲವೆಂದು ನಾನು ಕಲ್ಲಿನ ಹಾಗೆ ಕೂತೆ. ಅತ್ತೆಯೂ ನೀನೂ ಮನೆಯಲ್ಲಿ ತೊಡುವ ಬಟ್ಟೆಯಲ್ಲೇ ಮದುವೆಗೆ ನಡೆದಿರಿ. ಆ ಫೋಟೋ ನೋಡಿದಾಗಲೆಲ್ಲ ಅತ್ತೆ ನನಗೆ ಮಂಗಳಾರತಿ ಎತ್ತುತ್ತಿದ್ದರು. ಅಂಥವನು ಮಗಳ ತಲೆಯ ಪಿನ್ನು ಕೇಳಿ ತೆಗೆದುಕೊಂಡೆ. ಒಂದು ನಿಮಿಷವೂ ಹಿಡಿಯಲಿಲ್ಲ.

ಒಳಗೆ ಮಬ್ಬುಗತ್ತಲೆ, ಸುತ್ತುಮೆಟ್ಟಿಲು. ಅವಳು ಮುಂದೆ, ನಾನು ಹಿಂದೆ. ಅವಳು ಓಡುತ್ತ ಹತ್ತುತ್ತಿದ್ದಳು, ಅಷ್ಟು ಖುಷಿ. ಮೂರನೇ ಸುತ್ತಿನಲ್ಲಿ ಮೆಟ್ಟಿಲೇ ಇರಲಿಲ್ಲ. ಅವಳ ಅಂಗಿ ನನ್ನ ಕೈಗೆ ಸಿಕ್ಕಿತು. ಕಾಲಿನ ಒಂದು ಚಪ್ಪಲಿ ಸಿಗಲಿಲ್ಲ. ಅದು ಕೆಳಗೆ ಬಿದ್ದ ಸದ್ದು ಎಷ್ಟು ಹೊತ್ತಾದ ಮೇಲೆ ಕೇಳಿತೆಂದು ನಿನಗೆ ಬರೆಯಲಾರೆ. ಮೂರು ದಿನ ಮುಚ್ಚಿದ ಬಾಗಿಲುಗಳನ್ನೆಲ್ಲ ಬೈದುಕೊಂಡು ತಿರುಗಿದ್ದೆ. ಮುಚ್ಚಿದವರಿಗೂ ಕಾರಣವಿರುತ್ತದೆ ಎಂದು ಅಲ್ಲಿ ಗೊತ್ತಾಯಿತು.

ಸದ್ದಿಗೆ ಕಾವಲುಗಾರ ಓಡಿಬಂದ. ಠಾಣೆಯಲ್ಲಿ ಅವಳು ಒಂದೇ ಚಪ್ಪಲಿಯಲ್ಲಿ ಬೆಂಚಿನ ತುದಿಗೆ ಕೂತು, ಯಾರೂ ಕೇಳುವ ಮೊದಲೇ, "ಬೀಗ ತೆಗೆದಿದ್ದು ನಾನು, ಅಪ್ಪಂದು ತಪ್ಪಿಲ್ಲ" ಎಂದಳು. ಅಧಿಕಾರಿ ನಕ್ಕು, ನನ್ನಿಂದ ಹೇಳಿಕೆ ಬರೆಸಿಕೊಂಡು, ಎಚ್ಚರಿಕೆ ಕೊಟ್ಟು ಬಿಟ್ಟರು. ನನಗೆ ನಗು ಬರಲಿಲ್ಲ. ನನ್ನನ್ನು ಉಳಿಸಲು ಆ ಮಗು ಸುಳ್ಳು ಹೇಳಬೇಕಾಯಿತಲ್ಲ.

ತಪ್ಪೆಲ್ಲ ನನ್ನದೇ. ಆದರೂ ಕೇಳುತ್ತೇನೆ: ಮುಂದಿನ ರಜೆಗೆ ಅವಳನ್ನು ಕಳಿಸು. ಮೂರು ದಿನ ಬೇಡ, ಒಂದೇ ದಿನ ಸಾಕು. ಪಾಸೂ ಇಲ್ಲ, ಗೋಪುರವೂ ಇಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಅಂಗಡಿಯಲ್ಲಿ ನನ್ನ ಪಕ್ಕ ಕೂತಿರಲಿ. ನಂಬಿಕೆ ಬಾರದಿದ್ದರೆ ನೀನೂ ಬಂದು ಎದುರು ಕೂತುಕೊ. ಗಿರಾಕಿಗಳ ಸ್ಟೂಲಿದೆ.

ನಿನ್ನ ಒಂದು ಸಾಲಿಗೆ ದಾರಿ ನೋಡುತ್ತಿರುವ,
ಪಿಟೀಲಿನ ಅಪ್ಪ

ಮತ್ತೆ: ಲಕೋಟೆ ಅಂಟಿಸಿದ್ದೆ. ಬಿಚ್ಚಿ ಇದನ್ನು ಸೇರಿಸುತ್ತಿದ್ದೇನೆ. ಮೂರು ದಿನವೂ ಅವಳು ಅಮ್ಮನಿಗೆ ಫೋನ್ ಮಾಡಿಕೊಡು ಎಂದು ಕೇಳಿದಳು. ನಾನು ಪ್ರತಿ ಸಲವೂ ಫೋನ್ ಕಿವಿಗಿಟ್ಟುಕೊಂಡು ನಿಂತು, ಅಮ್ಮ ಎತ್ತುತ್ತಿಲ್ಲ ಎಂದೆ. ನಿನ್ನ ನಂಬರನ್ನು ಒತ್ತಿಯೇ ಇರಲಿಲ್ಲ. ನಿನ್ನ ದನಿ ಕೇಳಿದರೆ ವಾಪಸ್ಸು ಹೋಗುತ್ತೇನೆಂದು ಅಳುತ್ತಾಳೇನೋ ಎಂಬ ಭಯ ನನಗೆ. ಠಾಣೆಯ ಬೆಂಚಿನ ಮೇಲೂ ಕೇಳಿದಳು. ಆಗಲೂ ಅದನ್ನೇ ಹೇಳಿದೆ. ನನ್ನ ಜೊತೆ ಬಂದಳೆಂದು ನಿನಗೆ ಅವಳ ಮೇಲೆ ಕೋಪ ಎಂದುಕೊಂಡೇ ನಿನ್ನ ಮನೆಗೆ ಮರಳಿದ್ದಾಳೆ. ಬಾಯಿಬಿಟ್ಟು ನಿನ್ನನ್ನು ಕೇಳುವವಳಲ್ಲ ಅವಳು. ಇದನ್ನು ಓದಿದ ಕೂಡಲೇ ಅವಳನ್ನು ಹತ್ತಿರ ಕರೆದು, ಅಪ್ಪ ಫೋನೇ ಮಾಡಿರಲಿಲ್ಲ ಎಂದು ಹೇಳಿಬಿಡು. ಕಳಿಸುವುದು ಬಿಡುವುದು ಆಮೇಲಿನ ಮಾತು.