ಹತ್ತೊಂಬತ್ತು ಸೆಕೆಂಡು

ನವೆಂಬರ್ 3, ಸೋಮವಾರ. ಬೆಳಿಗ್ಗೆ 6.40

ಕಂಪ್ಯೂಟರಿನ ಸ್ವಿಚ್ ಒತ್ತಿ ನಾಲ್ಕು ನಿಮಿಷ. ಚುಕ್ಕೆಗಳು ಸುತ್ತುತ್ತಲೇ ಇವೆ. ಇನ್ನೂ ಏಳು ನಿಮಿಷ ಬೇಕು. ಅತ್ತಿಯವರ ಚಹಾ ಆಯಿತು, ಕಣ್ಣಿಗೆ ಹನಿ ಹಾಕಿದ್ದಾಯಿತು. ಇವರು ಸ್ನಾನಕ್ಕೆ ಹೋಗಿದ್ದಾರೆ, ಏಳೂವರೆಗೆ ಚಾಕಣದ ಕಂಪನಿ ಬಸ್ಸು. ಇಷ್ಟು ಹೊತ್ತು ಮಾತ್ರ ನನ್ನದು.

ನಿನ್ನೆ ಹರ್ಷಾ ಫೋನ್ ಮಾಡಿದ್ದಳು. ಎಂ.ಎ.ಯಲ್ಲಿ ಜೊತೆಗಿದ್ದವಳು, ಈಗ ಧಾರವಾಡದಲ್ಲಿ ಸಣ್ಣ ಪ್ರಕಾಶನ. "ಹದಿನೆಂಟು ವರ್ಷ ಬಚ್ಚಿಟ್ಟೀದಿ. ಉಪ್ಪಿನಕಾಯಿ ಆದ್ರೂ ಇಷ್ಟೊತ್ತಿಗೆ ಕೆಡತಿತ್ತು. ಮೂವತ್ತನೇ ತಾರೀಖಿಗೆ ಹಸ್ತಪ್ರತಿ ಕಳಸು. ಇನ್ನೊಮ್ಮೆ ಕೇಳಂಗಿಲ್ಲ."

ನೂರಾ ನಲವತ್ತಮೂರು ಕವಿತೆ. ಎಲ್ಲ ಇದರೊಳಗೇ. ಫೋಲ್ಡರಿಗೆ ನಾನು ಹೆಸರಿಟ್ಟಿಲ್ಲ, ಕಂಪ್ಯೂಟರೇ ಕೊಟ್ಟದ್ದು—ನ್ಯೂ ಫೋಲ್ಡರ್ ಎರಡು. ಆ ಹೆಸರಿದ್ದರೆ ಯಾರೂ ತೆಗೆದು ನೋಡುವುದಿಲ್ಲ.

ಹೆಚ್ಚಿನವು ಹುಟ್ಟಿದ್ದೇ ಹೀಗೆ ಕಾಯುವಾಗ. ಹುಬ್ಬಳ್ಳಿ ಕ್ಯಾಲೆಂಡರಿನಿಂದ ಹರಿದ ಹಾಳೆಯ ಬೆನ್ನಿಗೆ, ಪೆನ್ಸಿಲಿನಲ್ಲಿ. ಟೈಪು ಮಾಡಿದ ಮೇಲೆ ಹಾಳೆ ಅತ್ತಿಯ ಡಬ್ಬಿಗೆ. ಆ ಹಾಳೆಗಳಲ್ಲಿ ಶೇಂಗಾ ಚಟ್ನಿ ಪೊಟ್ಟಣ ಕಟ್ಟುತ್ತಾರೆ, ಬಿಲ್ಡಿಂಗಿಗೆಲ್ಲ ಹಂಚುತ್ತಾರೆ. ಅವರಿಗೆ ಓದಲು ಬಾರದು. ಕಂಪ್ಯೂಟರಿನಲ್ಲಿ ಕೂತಮೇಲೆ ಕಾಗದ ಯಾಕೆ.

ಬಂತು. ತೆರೆ ಬೆಳಗಿತು.

ನ. 5, ಬುಧವಾರ

ತಿದ್ದುವುದಕ್ಕೇ ಹದಿನೈದು ದಿನ ಬೇಕು. ಈ ಯಂತ್ರದಲ್ಲಿ ಆಗದು. ಯೂಟ್ಯೂಬ್ ನೋಡಿ ಸ್ಟಾರ್ಟ್‌ಅಪ್ ಪಟ್ಟಿ ತೆರೆದೆ, ಯಂತ್ರ ಏಳುವಾಗ ತಾವೂ ಎದ್ದು ಕೂರುವ ಪ್ರೋಗ್ರಾಮುಗಳದ್ದು. ಪ್ರಿಂಟರಿನದು, ವಿಡಿಯೋ ಕಾಲಿನದು, ಯಾವುದೋ ಆಟದ್ದು—ಎಲ್ಲ ಬಂದ್. ಕನ್ನಡ ಟೈಪಿಂಗಿನದನ್ನು ಮಾತ್ರ ಮುಟ್ಟಲಿಲ್ಲ. ಹಳೆಯ ಫಾಂಟು. ಅದಿಲ್ಲದೆ ಫೈಲು ತೆಗೆದರೆ ಅಕ್ಷರವೇ ಕಾಣುವುದಿಲ್ಲ, ಬರೀ ಗೀಚು, ಚಿಹ್ನೆ.

ಹನ್ನೊಂದು ನಿಮಿಷ ಹೋಗಿ ಒಂಬತ್ತಾಯಿತು.

ಇವರು ಬೂಟು ಹಾಕುತ್ತ, "ನಮ್ಮವ್ವ ಏಳೂದಕ್ಕಿಂತ ತಡಾ ಮಾಡ್ತದ ನೋಡು ಇದು."

ಅತ್ತಿ ಒಳಗಿನಿಂದ: "ನಾ ಐದಕ್ಕ ಎದ್ದೇನೋ. ಆರೂವರೆಗೆ ಎದ್ದ ಸಾಹೇಬ ಯಾರು?"

ನ. 8, ಶನಿವಾರ

ಕಿಶೋರ ಭಾವು ಬಂದಿದ್ದರು, ಮರಾಠಿಯವರು; ಭಾವು ಅಂದರೆ ಅಣ್ಣ. ಹಿಂದಿನ ಗಲ್ಲಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ. ನನಗಿಂತ ನಾಲ್ಕು ವರ್ಷ ದೊಡ್ಡವರಿದ್ದಾರು. ಕಂಪ್ಯೂಟರಿನ ಡಬ್ಬಿ ಬಿಚ್ಚಿ, ಧೂಳು ಊದಿ, ಹಾರ್ಡ್ ಡಿಸ್ಕಿಗೆ ಕಿವಿಯಿಟ್ಟು ಕೇಳಿದರು. ವೈದ್ಯರ ಹಾಗೆ.

"ವಹಿನಿ, ಇಂಜಿನ್ ಮೋಟಾರೀಚಂ, ಚಾಕಂ ಬೈಲಗಾಡೀಚೀ."

ಇಂಜಿನ್ನು ಮೋಟಾರಿನದು, ಗಾಲಿ ಎತ್ತಿನ ಗಾಡಿಯದು. ಹೊಸ ಎಸ್‌ಎಸ್‌ಡಿ ಅನ್ನುವ ವೇಗದ ಡಿಸ್ಕು ಹಾಕಿ, ವಿಂಡೋಸ್ ಹೊಸದಾಗಿ ಕೂರಿಸಿ, ಹಳೆಯದರಿಂದ ಬೇಕಾದ್ದನ್ನು ತುಂಬಿಕೊಡುತ್ತಾರಂತೆ. ಅಂಗಡಿಗೆ ಒಯ್ದು, ಮಂಗಳವಾರಕ್ಕೆ.

ಏನೇನು ಮುಖ್ಯ ಅಂತ ಕೇಳಿದರು. ಇವರು ಪಕ್ಕದಲ್ಲೇ ನಿಂತಿದ್ದರು. ಅತ್ತಿ ಸೋಫಾದ ಮೇಲೆ. ಮರಾಠಿಯಲ್ಲಿ ಕವಿತೆ ಅನ್ನುವುದಕ್ಕೂ ಕವಿತಾ ಅಂತಲೇ ಅನ್ನುತ್ತಾರೆ. ಮೂರೇ ಅಕ್ಷರ. ಬಾಯಿಗೆ ಬರಲಿಲ್ಲ.

"ಹ್ಯಾಂಚೇ ಕಾಗದ. ಆಣಿ ಫೋಟೋ," ಅಂದೆ. ಇವರ ಕಾಗದಪತ್ರ, ಫೋಟೋ.

"ಬಸ್?" ಇಷ್ಟೇನಾ, ಅಂದರು.

"ಬಸ್."

ಡಿಸ್ಕಿನಲ್ಲಿದ್ದದ್ದೆಲ್ಲ ಬಂದೇ ಬರುತ್ತದಲ್ಲ.

ನ. 10, ಸೋಮವಾರ. ಮಧ್ಯಾಹ್ನ

ಅತ್ತಿಯ ಬಲಗಣ್ಣಿನ ಪೊರೆ ತೆಗೆದರು. ಅದಕ್ಕೂ ಮೊದಲು ಆಸ್ಪತ್ರೆಯಲ್ಲಿ ಎರಡು ತಾಸು ಕಾದೆವು. ಅತ್ತಿ ಹೆದರಲಿಲ್ಲ, ನರ್ಸಿಗೇ ಬುದ್ಧಿ ಹೇಳಿದರು: "ಸಾವಕಾಶ ಹಿಡಿಯವ್ವ, ಸೌತಿಕಾಯಿ ಅಲ್ಲ." ಕನ್ನಡದಲ್ಲೇ. ಆಕೆಗೆ ತಿಳಿಯಲಿಲ್ಲ, ನಕ್ಕಳು.

ಸಾವಂತ್ರವ್ವ ಅಂತ ಅತ್ತಿಯ ಹೆಸರು ಒಳಗಿನಿಂದ ಕೂಗುವ ಹೊತ್ತಿಗೇ ಕಿಶೋರ ಭಾವು ಫೋನು. ಯಾವುವೋ ಫೈಲುಗಳಿಗೆ ವೈರಸ್ ತಗುಲಿದೆಯಂತೆ, ಒಳಗೆಲ್ಲ ಗೀಚುಗೀಚು, ತೆಗೆದುಬಿಡಲೇ ಅಂತ. ಕಾಢಾ, ತೆಗೀರಿ ಅಂದೆ. ಒಳ್ಳೆಯ ಮನುಷ್ಯ, ಕೇಳಿ ಮಾಡುತ್ತಾರೆ.

ಅತ್ತಿಯ ಕಣ್ಣಿನ ಪಟ್ಟಿ ನಾಳೆ ಬಿಚ್ಚುತ್ತಾರೆ.

ನ. 11, ಮಂಗಳವಾರ. ಸಂಜೆ

ಬಂತು. ಹತ್ತೊಂಬತ್ತು ಸೆಕೆಂಡು. ಇವರು ವಾಚು ಹಿಡಿದು ಎಣಿಸಿದರು. "ವಂದೇ ಭಾರತ್ ಆತಲ್ಲ ಇದು."

ಇವರ ಫೋಟೋ ಇವೆ. ಟ್ಯಾಕ್ಸಿನ ಕಾಗದ ಇವೆ. ನ್ಯೂ ಫೋಲ್ಡರ್ ಎರಡು—

ನ. 15, ಶನಿವಾರ

ಬರೆದುಬಿಡಬೇಕು.

ಹೊಸ ವಿಂಡೋಸಿನಲ್ಲಿ ಆ ಫಾಂಟು ಇರಲಿಲ್ಲ. ಭಾವು ನನ್ನ ಫೈಲು ತೆಗೆದಾಗ ಕಂಡದ್ದು ಪೌಂಡಿನ ಗುರುತು, ತಲೆಕೆಳಗಾದ ಪ್ರಶ್ನಾರ್ಥಕ, ಟೋಪಿ ಹಾಕಿದ ಎ. ನೂರಾ ನಲವತ್ತಮೂರರಲ್ಲೂ ಅದೇ. ಕನ್ನಡ ಬಾರದವರು ವೈರಸ್ ಅನ್ನದೆ ಇನ್ನೇನಂದಾರು. ಅಳಿಸಿದರು. ಹಳೆಯ ಡಿಸ್ಕನ್ನು ಪೂರ್ತಿ ಒರೆಸಿ, ಮೇಲೆ ಇವರ ಫೋಟೋಗಳ ಇನ್ನೊಂದು ಪ್ರತಿ ತುಂಬಿದರು. ಜಾಗ್ರತೆಗೆ ಅಂತ.

ಅಂಗಡಿಯಲ್ಲಿ ಮೂರು ದಿನ, ಅಳಿಸಿದ್ದನ್ನು ಹುಡುಕುವ ಸಾಫ್ಟ್‌ವೇರ್ ಓಡಿತು. ಹೆಸರುಗಳು ವಾಪಸು ಬಂದವು, ನೂರಾ ನಲವತ್ತಮೂರೂ. ಒಳಗೆ ಏನಿಲ್ಲ. ಒಂದೊಂದನ್ನೇ ತೆಗೆದು ತೋರಿಸಿದರು. ಮೂವತ್ತರ ಹತ್ತಿರ ಬಂದಾಗ ಸಾಕು ಅಂದೆ.

"ಮೀ ವಿಚಾರಲಂ ಹೋತಂ, ವಹಿನಿ," ಅಂದರು. ಮೆಲ್ಲಗೆ, ನೆಲ ನೋಡುತ್ತ. ನಾನು ಕೇಳಿದ್ದೆನಲ್ಲ, ಅಂತ.

ಹೌದು. ಎರಡು ಸಲ ಕೇಳಿದ್ದರು.

ನ. 17, ಸೋಮವಾರ

ನೆನಪಿನಿಂದ ಬರೆಯಲು ಕೂತೆ. ಬೇರೆಯವರದು ಎಷ್ಟು ಬೇಕಾದರೂ ಬರುತ್ತದೆ. ಹೈಸ್ಕೂಲಿನಲ್ಲಿ ಕಲಿತ ಷಟ್ಪದಿ ಕೂಡ. ನನ್ನವು ಬರುವುದಿಲ್ಲ. ಜೋರಾಗಿ ಒಮ್ಮೆಯೂ ಓದಿರಲಿಲ್ಲ. ನನ್ನ ಕಿವಿಗೇ ಅವು ಬಿದ್ದಿಲ್ಲ. ಒಂದು ಮಾತ್ರ ಕನ್ನಡ ಸಂಘದ ಸಂಚಿಕೆಯಲ್ಲಿ ಅಚ್ಚಾಗಿತ್ತು. ಅದರಲ್ಲೂ ಕೊನೆಯೆರಡು ಸಾಲು ಬಿಟ್ಟುಹೋಗಿದ್ದವು.

ಇವರು ಕೇಳಿದರು, "ಏನಿತ್ತು ಅದರಾಗ?"

"ಕವಿತಾ."

"ಯಾರವು?"

"ನನ್ನವು."

ಟಿವಿ ಆರಿಸಿದರು. "ನನಗ ಹೇಳಲೇ ಇಲ್ಲಲ್ಲ."

"ನೀವು ಕೇಳಲಿಲ್ರಿ."

"ಕೇಳಿದ್ರ ಹೇಳತಿದ್ದಿ?"

ರೊಟ್ಟಿ ಹೊತ್ತುತ್ತಿತ್ತು. ಎದ್ದು ಹೋದೆ.

ನ. 22, ಶನಿವಾರ

ಅತ್ತಿ ಕಪ್ಪು ಕನ್ನಡಕ ಹಾಕಿಕೊಂಡು ನಾಲ್ಕೂ ಮಹಡಿ ಹತ್ತಿ ಇಳಿದು ಬಂದರು. ಮೆಟ್ಟಿಲು ಹತ್ತಬಾರದೆಂದು ಡಾಕ್ಟರು ಹೇಳಿದ್ದರು. ಕವಿತೆ ಮೊದಲು ಬರೆದದ್ದು ಆ ಕ್ಯಾಲೆಂಡರ್ ಹಾಳೆಗಳ ಮೇಲೆ ಅಂತ ನಿನ್ನೆ ಇವರಿಗೆ ಹೇಳಿದ್ದು ಅವರ ಕಿವಿಗೂ ಬಿದ್ದಿತ್ತು. ಮನೆಮನೆಗೆ ಹೋಗಿ, ಚಟ್ನಿ ಕಟ್ಟಿದ ಕಾಗದ ಇಟ್ಟೀರೇನು ಅಂತ ಕೇಳಿದರಂತೆ. ಯಾರು ಇಡುತ್ತಾರೆ.

ನಾಲ್ಕನೇ ಮಹಡಿಯ ಚಂದಮ್ಮನ ಮನೆಯಲ್ಲಿ ಮಾತ್ರ ಒಂದು ಸಿಕ್ಕಿತು. ತಿಂದಿರಲಿಲ್ಲ ಚಟ್ನಿಯನ್ನು, ಖಾರ ಅಂತ ಫ್ರಿಜ್ಜಿನ ಹಿಂದೆ ತಳ್ಳಿದ್ದಳು. "ಒಂದ ವರ್ಷದಿಂದ ಭಾಳ ಚಂದ ಆಗೇದ್ರಿ ಚಟ್ನಿ ಅಂತಿದ್ಲು, ಸುಳ್ಳಿ," ಅಂದರು ಅತ್ತಿ.

ಹಾಳೆ ಬಿಡಿಸಿದೆ. ಎಣ್ಣೆಗೆ ಪಾರದರ್ಶಕವಾಗಿದೆ. ಹಿಂದಿನ ಅಚ್ಚು ಮುಂದೆ ಬಂದು ತಿಥಿ, ನಕ್ಷತ್ರ, ರಾಹುಕಾಲ ಎಲ್ಲ ನನ್ನ ಪೆನ್ಸಿಲಿನ ಮೇಲೆ ಕೂತಿವೆ. ನಾಲ್ಕು ಸಾಲು ಮಾತ್ರ ಬಿಡಿಸಿ ಓದಲು ಸಿಕ್ಕವು.

"ಓದು," ಅಂದರು ಅತ್ತಿ.

ಓದಿದೆ. ಮೊದಲ ಸಲ ಇನ್ನೊಬ್ಬರಿಗೆ.

ಹಿಂಡಿದ ಮೇಲೂ ಸೀರೆ ಹನಿಯುತ್ತದೆ
ಕೆಳಗಿನ ಮನೆಯವಳು ಮುಖವೆತ್ತಿ ಬೈಯುತ್ತಾಳೆ
ನಾನೂ ಬಗ್ಗಿ ನೋಡುತ್ತೇನೆ
ಯಾರ ನೀರು ಇದು ಎಂಬಂತೆ

"ಮುಂದ?"

"ಮುಂದ ನೆನಪಿಲ್ರಿ ಅತ್ತಿ."

ಅತ್ತಿ ಹಾಳೆ ಇಸಿದುಕೊಂಡು ಅದರ ಮಡಿಕೆಗಳನ್ನು ಸವರಿದರು. ನಂತರ, "ಎಷ್ಟ ಪೊಟ್ಟಣ ಕಟ್ಟಿದ್ನೋ ಯವ್ವಾ ನಾ," ಅಂದರು. ಕನ್ನಡಕದ ಕೆಳಗೆ ಒರೆಸಿಕೊಂಡರು. ಕಣ್ಣು ಒರೆಸಬಾರದು ಅಂತಲೂ ಡಾಕ್ಟರು ಹೇಳಿದ್ದರು.

ನ. 29, ಶನಿವಾರ

ಹರ್ಷಾ ಎರಡು ಸಲ ಫೋನ್ ಮಾಡಿದಳು. ಎತ್ತಲಿಲ್ಲ.

ನ. 30, ಭಾನುವಾರ. ಬೆಳಿಗ್ಗೆ 6.40

ಅತ್ತಿ ಹಳೆಯ ಕ್ಯಾಲೆಂಡರ್ ಹಾಳೆ, ಹೆರೆದ ಪೆನ್ಸಿಲು ತಂದಿಟ್ಟು ಹೋಗಿದ್ದಾರೆ. ಚಟ್ನಿಗೆ ಈಗ ಪ್ಲಾಸ್ಟಿಕ್ ಚೀಲ ಅಂತೆ.

ಸ್ವಿಚ್ ಒತ್ತಿದೆ. ಚುಕ್ಕೆ ಸುತ್ತತೊಡಗಿದ ಕೂಡಲೇ ಒಂದು ಸಾಲು ಬರುವ ಹಾಗಾಯಿತು—ಯಾವುದೋ ಹಳೆಯದೇ, ಬಾಗಿಲ ತನಕ ಬಂದು ನಿಂತಿತ್ತು. ಪೆನ್ಸಿಲ್ ಎತ್ತಿದೆ. ತೆರೆ ಬೆಳಗಿಬಿಟ್ಟಿತು. ಸಾಲು ಹೊರಟುಹೋಯಿತು.

ಬಂದ್ ಮಾಡಿ ಮತ್ತೆ ಒತ್ತಿದೆ. ಹತ್ತೊಂಬತ್ತು ಸೆಕೆಂಡು.

ಮತ್ತೆ. ಹತ್ತೊಂಬತ್ತು.

ಇವರು ಬಾಗಿಲಲ್ಲಿ ನಿಂತಿದ್ದಾರೆ. "ಏನ ಮಾಡಾಕ್ಹತ್ತೀದಿ?"

ಮತ್ತೆ ಒತ್ತಿದೆ. ಚುಕ್ಕೆ. ಬಾಗಿಲ ತನಕ—