ಸೊಸೆಗೆ ಎಚ್ಚರವಾಗುವವರೆಗೆ ಸಾಯುತ್ತಿದ್ದ ರಾಜ

ಮನೆ, ಅಡುಗೆಕೋಣೆಯ ಕಿಟಕಿಯ ಪಕ್ಕ
ತಾರೀಖು ಇಪ್ಪತ್ತು, ಶನಿವಾರ ಮಧ್ಯಾಹ್ನ

ಬಂದರಿನ ಕ್ರೇನಿನ ಮೇಲೆ ಸಿಂಹಾಸನಾರೂಢನಾಗಿರುವ ನನ್ನ ಏಕೈಕ ರಾಜಕುಮಾರನೇ,

ಅಮ್ಮನ ತುಂಬು ಆಶೀರ್ವಾದ. ಸೊಂಟ ಹೇಗಿದೆಯೋ? ಆ ಗೂಡಿನಲ್ಲಿ ದಿನವಿಡೀ ಮುದುಡಿ ಕೂತು ನೀನು ಪ್ರಶ್ನಾರ್ಥಕ ಚಿಹ್ನೆಯಂತಾಗಿದ್ದೀಯ ಎಂದು ಕಳೆದ ರಜೆಯಲ್ಲೇ ನನಗೆ ಅನ್ನಿಸಿತ್ತು. ಎಣ್ಣೆ ಹಚ್ಚಿಕೊಂಡು ಬಿಸಿನೀರು ಹುಯ್ದುಕೋ. ಹೊತ್ತಿಗೆ ಸರಿಯಾಗಿ ಉಣ್ಣು. ಹಡಗಿನವರು ಕೊಟ್ಟ ಡಬ್ಬದ ಮೀನು ತಿಂದು ಹೊಟ್ಟೆ ಕೆಡಿಸಿಕೊಳ್ಳಬೇಡ. ನನ್ನ ವಿಷಯ ಕೇಳುವುದಾದರೆ, ಮಂಡಿಗಳೆರಡೂ ಒಂದರೊಡನೊಂದು ಮಾತು ಬಿಟ್ಟಿವೆ. ಒಂದು ಮುಂದೆ ಹೋದರೆ ಇನ್ನೊಂದು ಮುನಿಸಿಕೊಂಡು ನಿಲ್ಲುತ್ತದೆ. ಗಂಟಲು ಮಾತ್ರ ನಿನ್ನ ತಾತನ ನಾಟಕ ಕಂಪನಿಯ ಕಾಲದ್ದೇ. ಮೊನ್ನೆ ಹಾಲಿನವನನ್ನು ಕೂಗಿದೆ, ಮೂರು ಬೀದಿಯಾಚೆಯ ಹಾಲಿನವನು ಓಡಿ ಬಂದ. ನಮ್ಮವನು ಬರಲಿಲ್ಲ ಬಿಡು, ಅವನು ಯಾವತ್ತೂ ಹಾಗೇ.

ನಿನ್ನ ಕಾಗದ ಬಂತು. “ಕ್ವಾರ್ಟರ್ಸ್ ಸಿಕ್ಕಿದೆ, ಅವಳು ತಿಂಗಳ ಕೊನೆಗೆ ಹೋಟೆಲ್ ಕೆಲಸ ಬಿಡಲಿ, ಇಬ್ಬರೂ ಹೊರಟು ಬನ್ನಿ” ಎಂದು ಬರೆದಿದ್ದೀಯ. ಅಪ್ಪಣೆಯಾಯಿತು, ಡಂಗುರ ಹೊಡೆಯುವುದೊಂದು ಬಾಕಿ! ನನ್ನ ಸೊಸೆ ಅದನ್ನು ನಿಂತುಕೊಂಡೇ ಎರಡು ಸಲ ಓದಿದಳು, ಮಡಚಿ ಉಪ್ಪಿನ ಜಾಡಿಯ ಕೆಳಗಿಟ್ಟಳು, ಚಪ್ಪಲಿ ಮೆಟ್ಟಿ ಕೆಲಸಕ್ಕೆ ಹೋದಳು. “ಅವಳೇನಂತಾಳೆ, ನೀನಾದರೂ ಬರಿ” ಎಂದು ನನ್ನನ್ನು ಕೇಳಿದ್ದೀಯಲ್ಲ, ಬರೆಯುತ್ತೇನೆ. ಆದರೆ ನಾನು ರಂಗದ ಮೇಲೆ ಹುಟ್ಟಿದವಳು. ಮೊದಲ ಅಂಕ ಬಿಟ್ಟು ಕೊನೆಯ ಅಂಕ ಹೇಳು ಅಂದರೆ ನನ್ನ ನಾಲಿಗೆ ಏಳುವುದಿಲ್ಲ. ಆದ್ದರಿಂದ ಗುರುವಾರ ನಡೆದದ್ದನ್ನು ಮೊದಲು ಕೇಳು. ಪರದೆ ಏಳಲಿ!

ನಿನ್ನ ಹೆಂಡತಿ ಸ್ಟೇಷನ್ ಎದುರಿನ ಆ ಹೋಟೆಲಿಗೆ ಬಚ್ಚಲು ಉಜ್ಜಲು ಸೇರಿದವಳು. ಈಗ ಕೋಣೆಗಳ ಮೇಲ್ವಿಚಾರಕಿ. ಇದು ನಿನಗೆ ಗೊತ್ತು. ಗೊತ್ತಿಲ್ಲದ್ದು ಅವಳ ಕೆಲಸದ ಕ್ರಮ. ಕೋಣೆ ಗುಡಿಸಿ, ಒರೆಸಿ, ಹಾಸಿಗೆ ಹಾಸಿದ ಮೇಲೆ ಬಾಗಿಲಲ್ಲಿ ನಿಂತು ತಲೆದೂಗಿ ಹೋಗುವವಳಲ್ಲ ಅವಳು. ಚಪ್ಪಲಿ ಬಿಟ್ಟು ಹಾಸಿಗೆಯ ಮೇಲೆ ಅಂಗಾತ ಮಲಗುತ್ತಾಳೆ. “ಅತ್ತೆ, ನಾವು ನಿಂತ್ಕೊಂಡು ನೋಡ್ತೀವಿ, ಬಂದೋರು ಮಲಕ್ಕೊಂಡು ನೋಡ್ತಾರೆ. ಫ್ಯಾನಿನ ಮೇಲಿನ ಜೇಡರಬಲೆ ಕಾಣೋದು ಅವ್ರಿಗೇ” ಅನ್ನುತ್ತಾಳೆ. ಎದ್ದು ಸುಕ್ಕು ತೀಡಿ, ಹೊರಡುವ ಮುಂಚೆ ಬಾಗಿಲಿಗೆ ಅಂಗೈ ಒತ್ತಿ ಒಂದು ಪ್ರಾರ್ಥನೆ: “ದೇವರೇ, ಇಲ್ಲಿ ಮಲಗೋರಿಗೆ ಒಳ್ಳೇ ನಿದ್ದೆ ಕೊಡಪ್ಪಾ.” ಇದು ಪ್ರತಿ ಕೋಣೆಗೂ, ಪ್ರತಿ ದಿನವೂ. ಸಂಬಳ ಏರದ ವರ್ಷವೂ ಬಿಟ್ಟಿಲ್ಲ, ಜ್ವರ ಬಂದಾಗಲೂ ಬಿಟ್ಟಿಲ್ಲ. ಕೈಕೆಳಗಿನವರಿಗೆ ಅವಳು ಕಲಿಸಿದ ಮೊದಲ ಪಾಠವೂ ನಿದ್ದೆಯದ್ದೇ: ಮಲಗಿದವರನ್ನು ಎಬ್ಬಿಸುವ ಹಕ್ಕು ಹೋಟೆಲಿನಲ್ಲಿ ಯಾರಿಗೂ ಇಲ್ಲ. ಒಮ್ಮೆ ಅಡುಗೆಯವನು ಹಿತ್ತಲಲ್ಲಿ ಬಾಣಲೆ ಬೀಳಿಸಿ ಒಬ್ಬ ಗಿರಾಕಿಯ ನಿದ್ದೆ ಕೆಡಿಸಿದ್ದಕ್ಕೆ, ಅಷ್ಟು ದೊಡ್ಡ ಮೀಸೆಯ ಆಳನ್ನು ಕೋಣೆಯ ಬಾಗಿಲಿಗೆ ಕರೆದೊಯ್ದು ಕ್ಷಮೆ ಕೇಳಿಸಿದಳು!

ಈಗ ಆ ಹೋಟೆಲಿನ ಹಳೆಯ ಮ್ಯಾನೇಜರು ನಿವೃತ್ತನಾದ. ಕುರ್ಚಿ ಖಾಲಿ. ಯಜಮಾನರಿಗೆ ನನ್ನ ಸೊಸೆಯ ಮೇಲೆ ನಂಬಿಕೆ, ಯಜಮಾನರ ಹೆಂಡತಿಗೆ ತನ್ನ ತಮ್ಮನ ಮೇಲೆ ಪ್ರೀತಿ. ಆ ತಮ್ಮ ಕೌಂಟರಿನಲ್ಲಿ ಟೈ ಕಟ್ಟಿಕೊಂಡು ನಿಲ್ಲುವವನು. ಅವನು ಟೈ ಕಟ್ಟಿದ್ದಾನೋ, ಟೈ ಅವನನ್ನು ಕಟ್ಟಿಹಾಕಿದೆಯೋ ಹೇಳಲಾಗದು. ಎಲ್ಲರೂ ಅವನನ್ನು ಟೈ ಸಾಹೇಬ ಎನ್ನುತ್ತಾರೆ. ನಡುವೆ ಸಿಕ್ಕ ಯಜಮಾನರು ಅಡಕತ್ತರಿಯಿಂದ ಪಾರಾಗಲು ತೀರ್ಪೊಂದನ್ನು ಕೊಟ್ಟರು: “ಗುರುವಾರ ನಿವೃತ್ತ ಉಪಾಧ್ಯಾಯಿನಿಯರ ದೊಡ್ಡ ಗುಂಪು ಬರ್ತಿದೆ. ಒಂದೂ ದೂರಿಲ್ದೆ ಅವರು ಬಸ್ ಹತ್ತಿದ್ರೆ ಕುರ್ಚಿ ನಿಂದಮ್ಮ. ಒಂದೇ ಒಂದು ದೂರು ಬಂದ್ರೂ ಇವನ್ದು.” ಉಪಾಧ್ಯಾಯಿನಿಯರು, ಮಗನೇ! ಜೀವಮಾನವಿಡೀ ತಪ್ಪು ಹುಡುಕಿ ಕೆಂಪು ಗೆರೆ ಎಳೆದವರು! ಅವರಿಂದ ದೂರಿಲ್ಲದೆ ಪಾರಾಗುವುದೆಂದರೆ ಬೆಕ್ಕಿನ ಕೈಯಲ್ಲಿ ಹಾಲಿನ ಪಾತ್ರೆ ಕೊಟ್ಟು ಮನೆಗೆ ತಲುಪಿಸು ಎಂದಂತೆ.

ಬುಧವಾರವೇ ವಿಧಿ ತನ್ನ ವಿಕಟ ನಗೆ ನಕ್ಕಿತು. ಬಟ್ಟೆ ಒಗೆಯುವ ಯಂತ್ರ ಗೊರ್ ಎಂದು ಗೊರಕೆ ಹೊಡೆದು ಶಾಶ್ವತವಾಗಿ ಮಲಗಿತು. ಅದು ಸತ್ತ ದುಃಖಕ್ಕೋ ಏನೋ, ಲಿಫ್ಟ್ ಕೂಡ ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು. ನಿನ್ನ ಹೆಂಡತಿ ಎದೆಗುಂದಿದಳೇ? ಇಲ್ಲ! ಸೆರಗು ಸಿಕ್ಕಿಸಿದಳು. ಹೆಂಗಸರು ತೊಟ್ಟಿಯಲ್ಲಿ ಹೊದಿಕೆ ತುಳಿದರು. ಅಡುಗೆಯವನು ಒಲೆಗಳ ಮೇಲೆ ಹಗ್ಗ ಕಟ್ಟಿ ಒಣಗಿಸಿದ. ಒಂದಷ್ಟಕ್ಕೆ ಹುರಿದ ಈರುಳ್ಳಿಯ ಘಮ ಹತ್ತಿ, ಅವನ್ನು ಮತ್ತೆ ತೊಟ್ಟಿಗೆ ಹಾಕಿದ್ದಾಯಿತು. ಇಸ್ತ್ರಿಯಣ್ಣ ಕೂರದೆ ಇಸ್ತ್ರಿ ಹಾಕಿದ. ಮೆಟ್ಟಿಲ ಮೇಲೆ ಸಾಲಾಗಿ ನಿಂತು, ಕಾವಲುಗಾರನೂ ಸೇರಿ, ಕೈಯಿಂದ ಕೈಗೆ ಹೊದಿಕೆ ದಾಟಿಸಿದರು. ಬೆಳಗಿನ ಜಾವ ನನ್ನ ಸೊಸೆ ಮನೆಗೆ ಬಂದು ಮುಖ ತೊಳೆದು ಹಾಗೇ ತಿರುಗಿ ಹೋದಳು. “ಒಂದು ಗಳಿಗೆ ಮಲಗೇ” ಅಂದೆ. “ಅವ್ರೆಲ್ಲ ನಿಂತಿದ್ದಾರೆ ಅತ್ತೆ, ನಾನು ಹೇಗೆ ಮಲಗ್ಲಿ?” ಅಂದಳು.

ಅಂದವಳೇ ಮಲಗಿದಳು! ಎಲ್ಲಿ ಅಂತೀಯ? ಗುಂಪಿನ ಮುಖಂಡಿಯಾದ ಹೆಡ್ ಮಿಸ್ಸಿಗೆಂದು ಸಿಂಗರಿಸಿದ್ದ ಎರಡನೇ ಮಹಡಿಯ ದೊಡ್ಡ ಕೋಣೆಯಲ್ಲಿ. ಎಂದಿನಂತೆ ಅಂಗಾತ ಮಲಗಿ ಸೂರು ನೋಡಿದ್ದಾಳೆ. ಸೂರು ಅವಳನ್ನು ನೋಡಿದೆ. ಅಷ್ಟೇ. ಊರಿಗೆಲ್ಲ ಬೇಡಿದ ನಿದ್ದೆಯನ್ನು ದೇವರು ಅಂದು ಬಡ್ಡಿ ಸಮೇತ ಅವಳಿಗೇ ಕೊಟ್ಟುಬಿಟ್ಟ.

ಟವೆಲು ಇಡಲು ಹೋದ ಇಸ್ತ್ರಿಯಣ್ಣ ಇದನ್ನು ಕಂಡ. ಬೇರೆ ಯಾವ ಹೋಟೆಲಿನವನಾದರೂ ಭುಜ ಅಲುಗಿಸುತ್ತಿದ್ದ. ಇವನು ಅವಳ ಶಿಷ್ಯ! ಕಿಟಕಿಯ ಪರದೆ ಎಳೆದ, ಹೊದಿಕೆ ಹೊದಿಸಿದ, ಹೊರಗೆ ‘ದಯವಿಟ್ಟು ತೊಂದರೆ ಕೊಡಬೇಡಿ’ ಫಲಕ ನೇತುಹಾಕಿದ, ತುದಿಗಾಲಲ್ಲಿ ಇಳಿದು ಬಂದ. ನಾನು ಅವಳ ಊಟದ ಡಬ್ಬಿ ಹಿಡಿದು ಅಡುಗೆಮನೆಗೆ ಕಾಲಿಟ್ಟಾಗ ಅಲ್ಲಿ ಮಂತ್ರಾಲೋಚನೆ ನಡೆದಿತ್ತು. “ಹೋಗಿ ಎಬ್ಸೋ.” “ನೀನೇ ಎಬ್ಸು, ಬಾಣಲೆ ಬೀಳಿಸೋನು ನೀನಲ್ವಾ?” “ಅಯ್ಯೋ, ಒಂದ್ಸಲ ಬಿದ್ದಿದ್ದು ಸಾಕಪ್ಪ. ನಿಯಮ ಅಂದ್ರೆ ನಿಯಮ.” ಅಷ್ಟರಲ್ಲಿ ಹೊರಗೆ ಪೋಂ ಎಂದು ಹಾರನ್ನು. ಸಂಜೆ ಬರಬೇಕಿದ್ದ ಬಸ್ಸು ಮಧ್ಯಾಹ್ನವೇ ಬಂದು ನಿಂತಿದೆ! ಮೇಲಿನ ಮಹಡಿಯ ಅರ್ಧ ಹಾಸಿಗೆಗಳು ಇನ್ನೂ ಬೆತ್ತಲೆ!

ನಮ್ಮ ನಾಟಕ ಕಂಪನಿಯಲ್ಲಿ ಒಂದು ಪದ್ಧತಿಯಿತ್ತು. ಮುಂದಿನ ದೃಶ್ಯದ ಪರದೆ ಸಿದ್ಧವಾಗದಿದ್ದರೆ, ಈ ದೃಶ್ಯದಲ್ಲಿ ಸಾಯುವ ರಾಜ ಬೇಗ ಸಾಯಬಾರದು. ಬಾಣ ನಾಟಿದ ಮೇಲೂ ಹೆಂಡತಿಗೆ ಬುದ್ಧಿ ಹೇಳಬೇಕು, ಮಗನಿಗೆ ರಾಜ್ಯ ಹಂಚಬೇಕು, ಕುದುರೆಗೆ ಹುಲ್ಲು ಹಾಕಿದರಾ ಎಂದು ವಿಚಾರಿಸಬೇಕು. ನಿನ್ನ ತಾತ ಒಮ್ಮೆ ಅರಮನೆಯ ಪರದೆ ಹರಿದಾಗ, ಅದನ್ನು ಹೊಲಿದು ಮುಗಿಸುವವರೆಗೂ ಸಾಯುತ್ತಲೇ ಇದ್ದರು. “ನೀವು ಹಾಸಿಗೆ ನೋಡ್ಕೊಳ್ರಪ್ಪಾ. ಇವ್ರನ್ನ ನಾನು ಸತ್ತು ನಿಲ್ಲಿಸ್ತೀನಿ” ಎಂದು ಡಬ್ಬಿ ಕೆಳಗಿಟ್ಟು, ಅಡುಗೆಯವನ ಸೌಟನ್ನು ಖಡ್ಗವಾಗಿ ಸೆಳೆದುಕೊಂಡು ನಾನು ಹೊರಬಿದ್ದೆ.

“ನಿಲ್ಲಿ!” ಎಂದೆ. ಗಾಜು ನಡುಗಿತು. ಉಪಾಧ್ಯಾಯಿನಿಯರು ಪೆಟ್ಟಿಗೆಗಳ ಸಮೇತ ನಿಂತರು. “ಈ ಅರಮನೆಯ ಅರಸ ಅಂತಿಮ ಉಸಿರು ಎಳೆಯುತ್ತಿರುವಾಗ ದಾಟಿ ಹೋಗುವ ಕಟುಕರು ಯಾರು?” ಎಂದು ಸೋಫಾದ ಮೇಲೆ ಕುಸಿದೆ. ಆಹಾ, ಎಷ್ಟು ವರ್ಷದ ಮೇಲೆ ಕುಸಿದದ್ದು! ಹೆಡ್ ಮಿಸ್ಸು ಕನ್ನಡಕ ಏರಿಸಿ ನೋಡಿದರು, ಪೆಟ್ಟಿಗೆಯ ಮೇಲೆ ಕೂತರು, ಉಳಿದವರೂ ಕೂತರು. ನಾನು ಸೇನಾಪತಿಯನ್ನು ಶಪಿಸಿದೆ. ರಾಣಿಯನ್ನು ಕ್ಷಮಿಸಿದೆ. ನನ್ನ ಬೆನ್ನ ಹಿಂದೆ ಮೆಟ್ಟಿಲಲ್ಲಿ ಹೊದಿಕೆಗಳು ಮೇಲೇರುತ್ತಿದ್ದುದು ಕಾಣುತ್ತಿತ್ತು. ಇಸ್ತ್ರಿಯಣ್ಣ ಕಂಬದ ಮರೆಯಿಂದ ‘ಇನ್ನೂ ಸ್ವಲ್ಪ’ ಎಂದು ಕೈ ಆಡಿಸುತ್ತಿದ್ದ. ಕುದುರೆಯನ್ನು ವಿಚಾರಿಸಿದೆ. ಕುದುರೆಯ ತಾಯಿಯನ್ನೂ ವಿಚಾರಿಸಿದೆ.

ಇಷ್ಟರಲ್ಲಿ ಟೈ ಸಾಹೇಬ ಊಟ ಮುಗಿಸಿ ಬಂದ. ನಾನು ಎದೆ ಹಿಡಿದು ಹೊರಳುವುದನ್ನು ಕಂಡು, ನಿಜವಾಗಿಯೂ ಸಾಯುತ್ತಿದ್ದೇನೆ ಎಂದುಕೊಂಡು, ಡಾಕ್ಟರಿಗೂ ಯಜಮಾನರಿಗೂ ಒಟ್ಟಿಗೇ ಫೋನ್ ಹಚ್ಚಿದ. ಗಡಿಬಿಡಿಯಲ್ಲಿ ಯಾರು ಯಾರೆಂದು ತಿಳಿಯದೆ, ನಾಡಿ ಹೇಗಿದೆ ಎಂದು ಯಜಮಾನರನ್ನೇ ಕೇಳಿದ. ಯಜಮಾನರು ಏದುಸಿರು ಬಿಡುತ್ತ ಓಡಿ ಬಂದರು. “ಅಮ್ಮಾ, ಏನಾಯ್ತಮ್ಮಾ?” ಅಂದರು. “ವತ್ಸಾ, ಬಂದೆಯಾ! ರಾಜ್ಯ ನಿನ್ನದು” ಎಂದು ಅವರ ಕೈಗೆ ಸೌಟು ಕೊಟ್ಟೆ. ಸಭೆ ಚಪ್ಪಾಳೆ ತಟ್ಟಿತು. ಮೋಸ ಹೋದ ಟೈ ಸಾಹೇಬ ಕೆಂಡಾಮಂಡಲನಾಗಿ, “ನಾಟ್ಕ ಸಾಕು! ಎಲ್ಲಿ ನಿಮ್ಮ ಸೊಸೆ? ಇವರ ಕೋಣೆ ತೋರ್ಸೋರು ಯಾರು?” ಎಂದು ತಾನೇ ಬೀಗದಕೈ ಎತ್ತಿಕೊಂಡು ಹೆಡ್ ಮಿಸ್ಸನ್ನು ಮೇಲೆ ಕರೆದೊಯ್ದ. ನನ್ನ ಸಾವು ಅಲ್ಲಿಗೇ ನಿಂತಿತು. ಯಜಮಾನರು ಸೌಟು ಹಿಡಿದೇ ಅವರ ಹಿಂದೆ ಹೊರಟರು, ನನ್ನ ಮುನಿದ ಮಂಡಿಗಳೂ ರಾಜಿಯಾಗಿ ಮೆಟ್ಟಿಲು ಹತ್ತಿದವು.

ಬಾಗಿಲು ತೆರೆದರೆ ನನ್ನ ಮಗು ಬಾಯಿ ಅರ್ಧ ತೆರೆದು ಮಲಗಿದೆ. “ನೋಡಿ! ನೋಡಿ ಭಾವ! ಗಿರಾಕಿ ಹಾಸಿಗೆ ಮೇಲೆ!” ಎಂದು ಟೈ ಸಾಹೇಬ ಕುಣಿದ. ನನ್ನ ಎದೆ ಈಗ ನಿಜಕ್ಕೂ ಹಿಡಿದುಕೊಂಡಿತು. ಹೆಡ್ ಮಿಸ್ಸು ತುಟಿಯ ಮೇಲೆ ಬೆರಳಿಟ್ಟು, “ಶ್! ಬಾಗಿಲ ಮೇಲಿರೋದು ಓದೋಕೆ ಬರಲ್ವಾ ನಿಂಗೆ? ಯಾವ ಸ್ಕೂಲು ನಿಂದು?” ಎಂದರು. ಟೈ ಸಾಹೇಬ ಕೈಕಟ್ಟಿ ನಿಂತ. ಸದ್ದಿಗೆ ಸೊಸೆ ಎದ್ದಳು. ನಮ್ಮನ್ನೆಲ್ಲ ನೋಡಿ ಬಿಳಿಚಿಕೊಂಡಳು. ಅಳಲಿಲ್ಲ, ನೆಪ ಹೇಳಲಿಲ್ಲ. “ತಪ್ಪಾಯ್ತು ಮಿಸ್. ಇದು ನಾನು ಮಲಗಿದ ಹಾಸಿಗೆ, ನಿಮಗೆ ಕೊಡಲ್ಲ. ಒಂದು ಗಳಿಗೆ ಹೊರಗೆ ನಿಂತ್ಕೊಳ್ಳಿ” ಎಂದಳು. ಇಸ್ತ್ರಿಯಣ್ಣ ಆ ಕಡೆ, ಅವಳು ಈ ಕಡೆ. ಹೊದಿಕೆ ಗಾಳಿಯಲ್ಲಿ ಒಮ್ಮೆ ಅರಳಿ ಇಳಿದಾಗ ಸುಕ್ಕೊಂದಿರಲಿಲ್ಲ. “ಹಾಸೋಳಿಗೇ ಇಷ್ಟು ನಿದ್ದೆ ಬರೋ ಹಾಸಿಗೆ ಅಂದ್ರೆ ನಂಗೇನೂ ಭಯ ಇಲ್ಲಮ್ಮ” ಎಂದರು ಹೆಡ್ ಮಿಸ್ಸು.

ಆದರೆ ಅಲ್ಲಿಗೆ ಮುಗಿಯಲಿಲ್ಲ. ಸಂಜೆ ಚಹಾದ ಹೊತ್ತಿಗೆ ಅವರು ಯಜಮಾನರನ್ನು ಕರೆಸಿ ಗಂಭೀರವಾಗಿ ನುಡಿದರು: “ನಮ್ಮದೊಂದು ದೂರಿದೆ.” ಟೈ ಸಾಹೇಬನ ಮುಖ ತಾವರೆಯಂತೆ ಅರಳಿತು. “ಆ ಅಮ್ಮ ಮಧ್ಯಾಹ್ನ ಸಾಯೋಕೆ ಶುರು ಮಾಡಿದ್ರು. ಅರ್ಧಕ್ಕೇ ಬಿಟ್ಟು ಹೋದ್ರು. ರಾಜ ಸತ್ತನಾ, ಉಳಿದನಾ? ಇಷ್ಟು ಜನಾನ ಹೀಗೆ ತೂಗಾಡಿಸೋದು ಯಾವ ಮರ್ಯಾದೆ?” ದೂರು ದೂರೇ ಎಂದ ಟೈ ಸಾಹೇಬ. ನನ್ನಿಂದಲೇ ಸೊಸೆಯ ಕುರ್ಚಿ ಹೋಯಿತಲ್ಲ ಎಂದು ನಾನು ಹೌಹಾರಿದೆ. ಸೊಸೆ ಮಾತ್ರ ನನ್ನ ಕಿವಿಯಲ್ಲಿ ಅಂದಳು: “ಗಿರಾಕಿ ಕೇಳಿದ್ದು ಇಲ್ಲ ಅನ್ನೋ ಹಾಗಿಲ್ಲ. ಅತ್ತೆ, ಪೂರ್ತಿ ಸಾಯಿರಿ.”

ಸತ್ತೆ ಮಗನೇ! ಊಟದ ಮೇಜಿನ ಮೇಲೆ ಸತ್ತೆ! ಯಜಮಾನರು ಸೌಟು ಹಿಡಿದು ಯುವರಾಜನಾಗಿ ನಿಂತರು, ಮೀಸೆಯ ಅಡುಗೆಯವನು ರಾಣಿಯಾಗಿ ಗೋಳಾಡಿದ. ದೂರು ವಾಪಸಾಯಿತು. ಶುಕ್ರವಾರ ಬಸ್ಸು ಹೊರಟಿತು. ಯಜಮಾನರು ಎಲ್ಲರೆದುರು, “ಒಂದನೇ ತಾರೀಖಿನಿಂದ ಕುರ್ಚಿ ನಿಂದಮ್ಮ” ಅಂದರು. ಇಸ್ತ್ರಿಯಣ್ಣ ಕಣ್ಣೊರೆಸಿಕೊಂಡ, ಅದೂ ಇಸ್ತ್ರಿ ಮಾಡಿದ ಕರವಸ್ತ್ರದಿಂದ. ಅವಳು ಮಾತ್ರ ನಗಲಿಲ್ಲ. “ನಾಳೆ ಹೇಳ್ತೀನಿ ಸಾರ್” ಎಂದಳು.

ಹಾಲಿನವನು ಬಂದ, ನಮ್ಮವನೇ. ನಿಲ್ಲಿಸುತ್ತೇನೆ. ನಿನ್ನ ಕ್ರೇನು ಎತ್ತಿದ್ದು ಬೀಳದಿರಲಿ, ನಿನ್ನ ಸೊಂಟ ನೆಟ್ಟಗಿರಲಿ, ನೂರು ಕಾಲ ಬಾಳು. ಕೋಣೆಯ ಜೊತೆಗಾರನಿಗೆ ನನ್ನ ಆಶೀರ್ವಾದ ತಿಳಿಸು.

ಇಂತಿ,
ಇತ್ತೀಚೆಗೆ ಎರಡು ಸಲ ಸತ್ತು ಬದುಕಿರುವ
ನಿನ್ನ ಅಮ್ಮ

ಬರೆಯಲು ಮರೆತದ್ದು: ಮರೆತೇನೂ ಇರಲಿಲ್ಲ, ಧೈರ್ಯ ಸಾಲದೆ ಕೆಳಗೆ ಬರೆಯುತ್ತಿದ್ದೇನೆ. ಅವಳು ಇವತ್ತು ಬೆಳಗ್ಗೆ ಮ್ಯಾನೇಜರ್ ಕುರ್ಚಿ ಒಪ್ಪಿಕೊಂಡಳು. ನಿನ್ನ ಕ್ವಾರ್ಟರ್ಸಿಗೆ ಬರುವುದಿಲ್ಲ. ನಾನೂ ಅಷ್ಟೇ. ತಲೆ ಬಾಚಿಕೊಳ್ಳುತ್ತ, “ಅವ್ರಿಗೆ ಹೇಗೆ ಹೇಳೋದು ಅತ್ತೆ” ಎಂದು ಕನ್ನಡಿಗೆ ಕೇಳಿದಳು. ನನ್ನ ಕಡೆ ತಿರುಗಲಿಲ್ಲ. ಆದ್ದರಿಂದ ನಾನೇ ಹೇಳುತ್ತಿದ್ದೇನೆ. ಇನ್ನು ಕೆಲಸ ಬಿಟ್ಟು ಬರಬೇಕಾದವರು ಯಾರು, ನೀನೇ ಇಲ್ಲಿಗೆ ಬರುತ್ತೀಯಾ ಇಲ್ಲವಾ, ಅದನ್ನು ನೀವಿಬ್ಬರೂ ಕೂತು ಮಾತಾಡಿ. ಮೊದಲಿಗೆ ನಿನಗೆ ಒಂದೇ ಒಂದು ಮಾತಿನ ಪಾತ್ರ ಕೊಡುತ್ತೇನೆ, ಕೆಡಿಸಬೇಡ. ಒಂದನೇ ತಾರೀಖು ಬೆಳಗ್ಗೆ ಹೋಟೆಲಿಗೆ ಫೋನ್ ಮಾಡು. ಯಾರಾದರೂ ಎತ್ತುತ್ತಾರೆ. ಹೆಂಡತಿಯ ಹೆಸರು ಹೇಳಬೇಡ. “ಮ್ಯಾನೇಜರ್ ಇದ್ದಾರಾ?” ಎಂದು ಕೇಳು. ಆಮೇಲೆ ಅವಳು “ಹೇಳಿ” ಅನ್ನುತ್ತಾಳೆ. ಅದರ ಮುಂದಿನ ಮಾತು ನಾನು ಬರೆದುಕೊಡಲಾರೆ ಕಂದಾ.